ಖಣಿ ಓಣಿಯ ಸತ್ತ ನಳ

ಪುರಸಭೆಯಲ್ಲಿ ನೀರು ಬಿಡುವ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಒಬ್ಬಾಕೆ ಭಂಕೂರಿನವಳು, ಐಟಿಐ ಮುಗಿಸಿದ್ದಾಳೆ. ಇನ್ನೊಬ್ಬ ರಾವೂರಿನವನು. "ಕಾಕಾ, ನಿಮ್ಮ ಕಾಲದಾಗ ಕೆಲಸ ಹ್ಯಾಂಗಿತ್ತು, ಸ್ವಲ್ಪ ಬರದು ಕೊಡ್ರಿ. ನಮಗ ಉಪಯೋಗ ಆಗ್ತದ" ಅಂದರು. ಚಹಾ ಕುಡಿಸಿ ಕಳಿಸಿದೆ. ಬರೆಯಲು ಕೂತ ಮೇಲೆ ಗೊತ್ತಾಯಿತು, ಉಪಯೋಗಕ್ಕೆ ಬರುವಂಥ ಕೆಲಸ ನಾನು ಮಾಡಿದ್ದು ಬಹಳ ಕಡಿಮೆ. ನೆನಪಿನಲ್ಲಿ ಉಳಿದದ್ದೆಲ್ಲ ಮಾಡಬಾರದ್ದನ್ನು ಮಾಡಿದ್ದೇ. ಇದ್ದದ್ದು ಇದ್ದಂಗೆ ಬರೆಯುತ್ತೇನೆ, ಕಲಿಯುವುದು ಬಿಡುವುದು ಅವರಿಗೆ ಬಿಟ್ಟದ್ದು.

ಊರಿನ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ನನ್ನ ಹಳೆಯ ಸಾಹೇಬರಲ್ಲಿ ಬದುಕಿರುವವರು ಹುಡುಕಿಕೊಂಡು ಬರುತ್ತಾರೆ, ಅವರಿಗೂ ಚಹಾ ಮಾಡಬೇಕಾಗುತ್ತದೆ. ಕಾಗಿಣಾ ನದಿಯ ದಂಡೆಯ ಊರು, ಒಂದು ಕಡೆ ಶಹಾಬಾದ, ಇನ್ನೊಂದು ಕಡೆ ವಾಡಿ, ಅಷ್ಟು ತಿಳಿದರೆ ಸಾಕು. ನನ್ನ ಹೆಸರು ಹಣಮಂತ. ಊರಿನವರು ಮಾತ್ರ ನೀರು ಬಂದ ದಿನ 'ಹಣಮಂತಣ್ಣ' ಎನ್ನುತ್ತಿದ್ದರು, ಬಾರದ ದಿನ ಏನೆನ್ನುತ್ತಿದ್ದರು ಎಂಬುದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ನಮ್ಮ ಊರು ಬೆಳೆದ ಬಗೆಯನ್ನು ದೊಡ್ಡವರು ದೊಡ್ಡದಾಗಿ ಹೇಳುತ್ತಾರೆ. ಮೊದಲು ನದಿಯ ಗಟ್ಟಿ ದಂಡೆಯ ಮೇಲೆ ಒಂದು ದರ್ಗಾ, ಒಂದು ಗುಡಿ, ನೂರಿನ್ನೂರು ಮನೆ ಇದ್ದವು. ಆಮೇಲೆ ನೆಲದಡಿಯ ಕಲ್ಲಿಗೆ ಬೆಲೆ ಬಂತು, ಕಲ್ಲಿನ ಹಿಂದೆ ರೈಲು ಬಂತು, ರೈಲಿನ ಹಿಂದೆ ಫ್ಯಾಕ್ಟರಿ ಬಂತು, ಫ್ಯಾಕ್ಟರಿಯ ಹಿಂದೆ ಸಾಹೇಬರ ಕಾಲೊನಿ ಬಂತು. ನನಗೆ ಇದೆಲ್ಲ ಪೈಪಿನ ಮೇಲೆ ತಿಳಿಯುತ್ತಿತ್ತು. ಬೀಡು ಕಬ್ಬಿಣದ ಪೈಪು ಸಿಕ್ಕರೆ ಫ್ಯಾಕ್ಟರಿಯ ಮೊದಲ ಕಾಲದ್ದು, ಸಿಮೆಂಟಿನದು ಸಿಕ್ಕರೆ ಪುರಸಭೆ ಹುಟ್ಟಿದ ಮೇಲಿನದು, ಪ್ಲಾಸ್ಟಿಕ್ ಸಿಕ್ಕರೆ ಚುನಾವಣೆಯ ಹಿಂದಿನ ವಾರದ್ದು. ಇಷ್ಟು ಪೈಪಿಗೂ ಒಂದು ನಕ್ಷೆ ಅಂತ ಇರಲಿಲ್ಲ. ಯಾವುದು ಎಲ್ಲಿ ಹೋಗುತ್ತದೆ ಎಂಬುದು ನನ್ನ ಉಸ್ತಾದ ಖಾಜಾಮಿಯಾನ ತಲೆಯಲ್ಲಿ ಮಾತ್ರ ಇತ್ತು.

ಖಾಜಾಮಿಯಾ ಚಿತ್ತಾಪುರದವನು. ಎತ್ತರದ ಮನುಷ್ಯ, ಕಡಿಮೆ ಮಾತು, ಎಲೆ ಅಡಿಕೆ ಜಾಸ್ತಿ. ನನಗೆ ಆತ ಕಲಿಸಿದ್ದು ಎರಡೇ ವಿದ್ಯೆ. ಒಂದು, ಕಬ್ಬಿಣದ ಸರಳನ್ನು ನೆಲಕ್ಕೆ ಊರಿ, ಅದರ ಮೇಲಿನ ತುದಿಗೆ ಕಿವಿ ಹಚ್ಚಿ ನೀರು ಯಾವ ಕಡೆ ಓಡುತ್ತದೆ ಅಂತ ಕೇಳುವುದು. ಮೊದಲ ಆರು ತಿಂಗಳು ನನಗೆ ನನ್ನ ಹೊಟ್ಟೆಯ ಗುಡುಗುಡು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಎರಡನೆಯ ವಿದ್ಯೆ, ಯಾರು ಏನೇ ಕೇಳಿದರೂ "ಪ್ರೆಶರ್ ಇಲ್ರಿ" ಅನ್ನುವುದು. ಅದನ್ನು ಒಂದೇ ದಿನದಲ್ಲಿ ಕಲಿತೆ.

"ಹಂಗಂದ್ರ ಏನ್ರಿ ಉಸ್ತಾದ?" ಅಂತ ಕೇಳಿದ್ದಕ್ಕೆ ಆತ, "ಅದು ಸಾಹೇಬ್ರಿಗೂ ಗೊತ್ತಿಲ್ಲ. ಅದಕ್ಕ ಸುಮ್ಮ ಆಗ್ತಾರ" ಅಂದಿದ್ದ.

ವಾಲ್ವುಗಳ ಸಂಕಟ ಒಂದು ಹೇಳಬೇಕು. ವಾಲ್ವಿನ ಗುಂಡಿಗೆ ನಮ್ಮಲ್ಲಿ ಫರಸಿ ಕಲ್ಲು ಮುಚ್ಚುವುದು ಪದ್ಧತಿ. ನಮ್ಮ ಊರಿನಲ್ಲಿ ಮಾಳಿಗೆಗೂ ಫರಸಿ, ನೆಲಕ್ಕೂ ಫರಸಿ, ಬೇಲಿಗೂ ಫರಸಿ, ಹೀಗಾಗಿ ಗುಂಡಿಯ ಕಲ್ಲಿಗೂ ಮನೆಯ ಮುಂದಿನ ಕಟ್ಟೆಯ ಕಲ್ಲಿಗೂ ಗುರುತು ಸಿಗುತ್ತಿರಲಿಲ್ಲ. ಊರು ಬೆಳೆದ ಹಾಗೆ ಜನ ಕಟ್ಟೆಗಳನ್ನು ಓಣಿಯೊಳಗೆ ಒಂದೊಂದು ಗೇಣು ಮುಂದೆ ತಂದರು, ವಾಲ್ವುಗಳು ಒಂದೊಂದಾಗಿ ಕಟ್ಟೆಯೊಳಗೆ ಸೇರಿಹೋದವು. ಬಜಾರ ಓಣಿಯ ವಾಲ್ವಿನ ಮೇಲೆ ನಿವೃತ್ತ ಮಲ್ಲಣ್ಣ ಮಾಸ್ತರು ಬೆಳಗಿನಿಂದ ಮಧ್ಯಾಹ್ನದ ತನಕ ಪೇಪರ್ ಓದುತ್ತಾ ಕೂಡುತ್ತಿದ್ದರು. ಅವರು ಎದ್ದರೆ ನಲವತ್ತು ಮನೆಗೆ ನೀರು.

"ಮಾಸ್ತರ, ಸ್ವಲ್ಪ ಏಳ್ರಿ."

"ಸಂಪಾದಕೀಯ ಮುಗೀಲಿ, ತಡಿ."

ಓಣಿಯ ಹೆಣ್ಣುಮಕ್ಕಳು ಕೊಡ ಹಿಡಿದು ನಿಂತಿರುತ್ತಿದ್ದರು. ಸಂಪಾದಕೀಯ ಮುಗಿದರೆ ಮರಣವಾರ್ತೆ ಇರುತ್ತಿತ್ತು. ಕಡೆಗೆ ಅವರ ಸೊಸೆಯೇ ಒಂದು ಉಪಾಯ ಮಾಡಿ, ನೀರಿನ ದಿನ ಮಾತ್ರ ಪೇಪರನ್ನು ಒಳಗಿನ ಕೋಣೆಯಲ್ಲಿ ಇಡತೊಡಗಿದಳು. ಮಾಸ್ತರು ಹುಡುಕಲು ಒಳಗೆ ಹೋದಾಗ ನಾನು ಕಲ್ಲು ಎತ್ತಿ ಚಾವಿ ಹಾಕುತ್ತಿದ್ದೆ. ಚಾವಿ ಅಂದರೆ ಎದೆಯೆತ್ತರದ ಕಬ್ಬಿಣದ ಸಲಾಕೆ, ಮೇಲೆ ಎರಡು ಕೈ ಹಿಡಿಯುವ ಅಡ್ಡಪಟ್ಟಿ. ಈಗಿನವರಿಗೆ ಗುಂಡಿ ಒತ್ತಿದರೆ ನೀರು ಬಿಡುವ ಯಂತ್ರ ಬರುತ್ತದಂತೆ. ಬರಲಿ, ಮಾಸ್ತರರನ್ನು ಎಬ್ಬಿಸುವ ಗುಂಡಿಯೂ ಅದರಲ್ಲಿ ಇದ್ದರೆ ಒಳ್ಳೆಯದು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ.

ಸ್ಟೇಷನ್ ರಸ್ತೆಯ ತಿರುವಿನಲ್ಲಿ ಒಂದೇ ಗುಂಡಿಯಲ್ಲಿ ಎರಡು ವಾಲ್ವು ಇದ್ದವು. ಒಂದು ಹೊಸದು, ಅದರಿಂದ ಸಾಹೇಬರ ಕಾಲೊನಿಗೆ ನೀರು. ಇನ್ನೊಂದು ಫ್ಯಾಕ್ಟರಿಯ ಮೊದಲ ಕಾಲದ್ದು, ತುಕ್ಕು ಹಿಡಿದು ಆಮೆಯ ಹಾಗೆ ಕೂತಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಖಾಜಾಮಿಯಾ ಜ್ವರ ಬಂದು ಮಲಗಿದ್ದರಿಂದ ಅವತ್ತು ಬೆಳಿಗ್ಗೆ ನಾನು ಮೊದಲ ಸಲ ಒಬ್ಬನೇ ಕಾಲೊನಿಗೆ ನೀರು ಬಿಟ್ಟೆ. ನೋಡಿದರೆ ಹಳೆಯ ವಾಲ್ವು ತೊಟ್ಟಿಕ್ಕುತ್ತಿತ್ತು. ಹೊಸ ಉಮೇದು ನೋಡಿ, ಬಿಗಿ ಮಾಡೋಣ ಅಂತ ಚಾವಿ ಹಾಕಿ ಬಲಕ್ಕೆ ತಿರುವಿದೆ. ತೊಟ್ಟಿಕ್ಕುವುದು ಜಾಸ್ತಿಯಾಯಿತು. ಇನ್ನೂ ಬಿಗಿ ಮಾಡಿದೆ. ಇನ್ನೂ ಜಾಸ್ತಿಯಾಯಿತು. ಕಾಲು ಕೊಟ್ಟು, ಮೈಯೆಲ್ಲ ಬೆವರಿ, ಅದು ನಿಲ್ಲುವ ತನಕ ತಿರುವಿದೆ. ಕಡೆಗೆ ಒಳಗೆ ಭರ್ರ್ ಅಂತ ಸದ್ದಾಗಿ ಸುಮ್ಮನಾಯಿತು. ಕೆಲಸ ಚೊಲೊ ಆಯಿತು ಅಂತ ಮೀಸೆ ಒರೆಸಿಕೊಂಡು ಮನೆಗೆ ಹೋದೆ.

ಎರಡು ತಾಸಿಗೆ ಕಾಲೊನಿಯಿಂದ ಕರೆ ಬಂತು. ಅಲ್ಲಿ ಒಂದು ಹನಿ ನೀರಿಲ್ಲ. ಒಬ್ಬ ಸಾಹೇಬರು ಕಣ್ಣಿಗೆ ಸೋಪು ಹಚ್ಚಿಕೊಂಡು ನಿಂತವರು ಹಾಗೇ ನಿಂತಿದ್ದಾರೆ ಎಂದರು. ನಾನು ಓಡಿಹೋಗಿ ಜ್ವರದ ಖಾಜಾಮಿಯಾನನ್ನೇ ಎಬ್ಬಿಸಿಕೊಂಡು ಬಂದೆ. ಆತ ಕಂಬಳಿ ಹೊದ್ದುಕೊಂಡೇ ಸರಳು ಊರಿ ಕಿವಿ ಹಚ್ಚಿದ. ನನ್ನನ್ನು ನೋಡಿದ. ಮತ್ತೊಮ್ಮೆ ಕಿವಿ ಹಚ್ಚಿದ.

"ಹಳೇದಕ್ಕ ಕೈ ಹಚ್ಚಿದ್ಯಾ?"

"ಬಿಗಿ ಮಾಡೀನ್ರಿ."

"ಯಾವ ಕಡಿ?"

"ಬಲಕ್ಕ."

"ಅದು ಉಲ್ಟಾ ವಾಲ್ವ್ ಅದ. ಎಡಕ್ಕ ಬಂದ್, ಬಲಕ್ಕ ಚಾಲೂ. ಪೂರಾ ತಗದಿ ನೀ."

ಹೊಸಬರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಿ. ಹೊರದೇಶದಿಂದ ಬಂದ ಹಳೆಯ ವಾಲ್ವುಗಳು ಕೆಲವು ಎಡಕ್ಕೆ ಮುಚ್ಚುತ್ತವೆ. ಬಿಗಿ ಮಾಡಿದಷ್ಟೂ ಸೋರುತ್ತಿದ್ದರೆ ನಿಲ್ಲಿಸಿ, ನನ್ನ ಹಾಗೆ ಕಾಲು ಕೊಡಬೇಡಿ.

ನೀರು ಎಲ್ಲಿ ಹೋಗುತ್ತಿದೆ ಅಂತ ನೋಡಲು ನಾವಿಬ್ಬರೂ ನೂರು ಹೆಜ್ಜೆಗೊಮ್ಮೆ ಸರಳು ಊರುತ್ತಾ ಹಳೆಯ ಪೈಪಿನ ಮೇಲೆ ನಡೆದೆವು. ಅದು ನಮ್ಮನ್ನು ಊರ ಹೊರಗಿನ ಖಣಿ ಓಣಿಗೆ ಒಯ್ದಿತು. ಖಣಿಯಲ್ಲಿ ಕಲ್ಲು ಎಬ್ಬಿಸುವವರ ಅರವತ್ತು ಗುಡಿಸಲುಗಳು ಅಲ್ಲಿದ್ದವು. ಚಿಂಚೋಳಿ ಕಡೆಯಿಂದ, ಸೇಡಂ ಆಚೆಯಿಂದ ಬಂದ ಜನ. ಊರಿನ ಅರ್ಧ ಮನೆಗಳ ಮಾಳಿಗೆಗೆ ಕಲ್ಲು ಕೊಟ್ಟವರು ಅವರೇ, ಆದರೆ ಊರಿನ ಯಾವ ದಫ್ತರಿನಲ್ಲೂ ಅವರಿರಲಿಲ್ಲ. ನೀರಿಗೆ ಅವರು ಹಳೆಯ ಖಣಿ ಹೊಂಡಕ್ಕೆ ಇಳಿಯಬೇಕಿತ್ತು. ಹೊಂಡದ ಮೆಟ್ಟಿಲು ಅಂದರೆ ಕಲ್ಲು ಕಡಿದು ಬಿಟ್ಟ ಅಂಚುಗಳು. ಹಿಂದಿನ ಮಳೆಗಾಲದಲ್ಲಿ ಅಲ್ಲಿ ಜಾರಿ ಚಂದಮ್ಮನೆಂಬ ಹೆಂಗಸಿನ ಸೊಸೆ ಕಾಲು ಮುರಿದುಕೊಂಡಿದ್ದಳು. ಓಣಿಯ ನಡುವೆ ಫ್ಯಾಕ್ಟರಿಯ ಕಾಲದ ಒಂದು ನಳ ಇತ್ತು. ಅದನ್ನು ಎಲ್ಲರೂ ಸತ್ತ ನಳ ಅನ್ನುತ್ತಿದ್ದರು, ಆಡು ಕಟ್ಟಲು ಉಪಯೋಗಿಸುತ್ತಿದ್ದರು.

ನಾವು ಹೋದಾಗ ಆ ನಳ ಹರಿಯುತ್ತಿತ್ತು. ಆಡನ್ನು ಬಿಚ್ಚಿ, ನಳಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದಿದ್ದರು. ಕೊಡ, ಪಾತೇಲಿ ಅಂತ ಮನೆಯಲ್ಲಿ ಇದ್ದಬದ್ದದ್ದೆಲ್ಲ ಸಾಲಿನಲ್ಲಿತ್ತು, ಹಿಟ್ಟಿನ ಬುಟ್ಟಿಯೊಂದು ಬಿಟ್ಟು. ಚಂದಮ್ಮ ಸೊಂಟಕ್ಕೆ ಸೆರಗು ಸಿಗಿಸಿ ಸರದಿ ನೋಡಿಕೊಳ್ಳುತ್ತಿದ್ದಳು. ನಲವತ್ತರ ಹೆಂಗಸು, ಧ್ವನಿ ಖಣಿಯ ಆ ದಂಡೆಗೆ ಕೇಳುವಂಥದ್ದು.

"ದೇವ್ರು ಕಣ್ಣ ತಗದಾನ್ರಿ ಮಿಯಾ" ಅಂದಳು.

ಖಾಜಾಮಿಯಾ ನನ್ನ ಕಡೆ ಬೆರಳು ಮಾಡಿ, "ಇಂವಾ ನೋಡವ್ವ ನಿಮ್ಮ ದೇವ್ರು. ಸ್ವಲ್ಪ ಹಾದಿ ತಪ್ಪಿದ ದೇವ್ರು. ಈಗ ಬಂದ್ ಮಾಡ್ತಾನ" ಅಂದ.

ಹೆಂಗಸರು ಕೊಡಗಳನ್ನು ನಳದ ಹತ್ತಿರ ಸರಿಸಿಕೊಂಡರು. ಚಂದಮ್ಮ ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. "ತಮ್ಮಾ, ಈ ಸಾಲು ಮುಗೀಲಿ. ಆಮ್ಯಾಲ ನಿನ್ನ ಧರ್ಮ" ಅಂದಳು. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಕಾಲೊನಿಯಲ್ಲಿ ದಿನಾ ನೀರು, ಊರಲ್ಲಿ ನಾಲ್ಕು ದಿನಕ್ಕೊಮ್ಮೆ, ಇಲ್ಲಿ ಓಣಿ ಹುಟ್ಟಿದಾಗಿನಿಂದ ಇವತ್ತೇ ಮೊದಲು.

ವಾಪಸು ಬರುವಾಗ ಖಾಜಾಮಿಯಾ ಕಂಬಳಿ ಬಿಗಿಯಾಗಿ ಹೊದ್ದುಕೊಂಡು ಮುಂದೆ ಮುಂದೆ ನಡೆದ. ಕಡೆಗೆ ಎಲೆ ಅಡಿಕೆ ಉಗುಳಿ, "ನಾ ಬಂದ್ ಮಾಡು ಅಂತ ಹೇಳೀನಿ. ಹೇಳೀನಿ ಹೌದಿಲ್ಲೋ?" ಅಂದ.

"ಹೇಳೀರಿ."

"ನನಗ ಜ್ವರ ಅದ. ನೀ ಏನ್ ಮಾಡ್ತಿ ಅಂತ ನೋಡಾಕ ನನಗ ಆಗಂಗಿಲ್ಲ."

ಜ್ವರ ಬಿಟ್ಟ ಮೇಲೂ ಆತ ಆ ಗುಂಡಿಯ ಕಡೆ ನೋಡಲಿಲ್ಲ.

ಅಂದಿನಿಂದ ಬೆಳಿಗ್ಗೆ ಕಾಲೊನಿಯ ಸರದಿಗಿಂತ ಮೊದಲು ಅರ್ಧ ತಾಸು ಹಳೆಯ ವಾಲ್ವನ್ನು ಬಲಕ್ಕೆ, ಆಮೇಲೆ ಎಡಕ್ಕೆ. ಸಾಹೇಬರು ನೀರು ತಡ ಅಂದರೆ ಪ್ರೆಶರ್ ಇಲ್ಲ. ಇದು ಕಳ್ಳತನ, ಬೇರೆ ಹೆಸರು ಇಟ್ಟು ಚೆಂದ ಮಾಡುವುದಿಲ್ಲ. ಆದರೆ ಕಳ್ಳತನದಲ್ಲಿ ನಾನು ಅರೆಪಾಲು ಮಾತ್ರ, ಪೂರ್ತಿ ವಿದ್ಯೆ ಖಣಿ ಓಣಿಯವರದು. ಖಣಿಯ ಗುತ್ತೇದಾರನ ಮುನ್ಷಿಗೆ ಗೊತ್ತಾದರೆ ನಳ ಹೋಗುತ್ತದೆ ಅಂತ ಚಂದಮ್ಮ ಒಂದು ಕಾನೂನು ಮಾಡಿದಳು. ನೀರು ಹಿಡಿದಾದ ಮೇಲೆ, ತುಕ್ಕು ಹಿಡಿದಂತೆ ಕಾಣಲು ನಳಕ್ಕೆ ಕೆಮ್ಮಣ್ಣು ಬಳಿಯಬೇಕು. ಬಾಯಿಗೆ ಹಳೆಯ ಚಿಂದಿ ತುರುಕಬೇಕು. ಆಡು ಕಟ್ಟಬೇಕು. ದಿನಾ ಸರದಿಯ ಮೇಲೆ ನಾಲ್ವರು ಹೆಂಗಸರು ಕೊಡ ಹೊತ್ತು ಹೊಂಡದ ದಾರಿಯಲ್ಲಿ ಮುನ್ಷಿಯ ಕಣ್ಣಿಗೆ ಬೀಳುವ ಹಾಗೆ ಹೋಗಿಬರಬೇಕು. ಬರುವಾಗ ಉಸ್ಸಪ್ಪಾ ಅನ್ನಬೇಕು. ಒಬ್ಬಾಕೆ ಖಾಲಿ ಕೊಡ ಹೊತ್ತುಕೊಂಡು ಎಷ್ಟು ಚೆಂದ ಉಸ್ಸಪ್ಪಾ ಅನ್ನುತ್ತಿದ್ದಳು ಅಂದರೆ ಮುನ್ಷಿ ಒಂದು ದಿನ ಅಯ್ಯೋ ಪಾಪ ಅಂತ ಕೊಡ ಇಳಿಸಲು ಹೋದನಂತೆ. ಆಕೆ, "ಮುಟ್ಟಬ್ಯಾಡ್ರಿ, ದೇವ್ರ ನೀರ" ಅಂತ ಹೇಳಿ ಪಾರಾದಳು.

ಆರು ವರ್ಷ ಹೀಗೆ ನಡೆಯಿತು. ಖಾಜಾಮಿಯಾ ನಿವೃತ್ತನಾಗಿ ಚಿತ್ತಾಪುರಕ್ಕೆ ಹೋದ. ಊರು ಮತ್ತೂ ಬೆಳೆಯಿತು, ಹೊಸ ಓಣಿಗಳಿಗೆ ಪೈಪು ಎಳೆದರು. ಎಲ್ಲಿ ಏನಿದೆ ಅಂತ ತಿಳಿದವನು ನಾನೊಬ್ಬನೇ ಉಳಿದೆ. ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು.

ಒಂದು ಬೆಳಿಗ್ಗೆ ಚಂದಮ್ಮ ಗುಂಡಿಯ ಹತ್ತಿರ ಬಂದು ನಿಂತಿದ್ದಳು. ಯಾವತ್ತೂ ಅಲ್ಲಿಗೆ ಬಂದವಳಲ್ಲ.

"ಹಣಮಂತಾ, ನಮ್ಮ ಗುಡಿಸಲ ಸುತ್ತ ಸುಣ್ಣದ ಗೆರಿ ಹೊಡದಾರ. ಕೆಳಗ ಚೊಲೊ ಕಲ್ಲು ಅದ ಅಂತ. ದಸರಾ ಆದ ಮ್ಯಾಲ ಎಬ್ಬಸ್ತಾರಂತ."

"ಎಲ್ಲಿಗಿ ಹೋಗಬೇಕಂತ?"

"ಎಲ್ಲಿಗರ ಅಂತಾರ. ಅದಕ್ಕೂ ಹೆಸರ ಇಲ್ಲ."

ವಿಚಾರಿಸಿದಾಗ ತಿಳಿಯಿತು. ಗುತ್ತೇದಾರ ಆ ಜಾಗ ಖಾಲಿ, ಅಲ್ಲಿ ಊರೇ ಇಲ್ಲ ಅಂತ ಅರ್ಜಿ ಹಾಕಿದ್ದ. ಮೇಲಿನವರು ಪುರಸಭೆಯನ್ನು ಒಂದೇ ಮಾತು ಕೇಳಿದ್ದರು. ಅಲ್ಲಿ ನಿಮ್ಮ ನಳ, ದೀಪ, ರಸ್ತೆ ಏನಾದರೂ ಇದೆಯೇ? ಇದ್ದರೆ ಅದು ಊರಿನ ಭಾಗ, ಜನರನ್ನು ಎಬ್ಬಿಸಲು ಬರುವುದಿಲ್ಲ. ಇಲ್ಲದಿದ್ದರೆ ಖಾಲಿ ಜಾಗ. ಉತ್ತರಕ್ಕೆ ನೀರಿನ ನಕ್ಷೆ ಬೇಕು, ನಕ್ಷೆ ಇರಲಿಲ್ಲ. ಹೊಸದಾಗಿ ಬಂದ ಎಂಜಿನಿಯರ್ ದೇಶಪಾಂಡೆ ಸಾಹೇಬರು ನನ್ನನ್ನು ಕರೆದು, "ಹಣಮಂತ, ಹದಿನೈದು ದಿನ ಅದ. ನೀ ನಡಿ, ನಾ ಗೆರಿ ಎಳೀತೀನಿ" ಅಂದರು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಇಷ್ಟು ವರ್ಷ ಬೆಕ್ಕಾಗಿದ್ದವನು ಆ ದಿನ ಇಲಿಯಾದೆ. ಖಣಿ ಓಣಿಗೆ ನೀರಿದೆ ಅಂತ ಹೇಳಿದರೆ ಆರು ವರ್ಷದ ಕಳ್ಳತನ ನಾನೇ ಒಪ್ಪಿಕೊಂಡ ಹಾಗೆ. ನಾನಿನ್ನೂ ದಿನಗೂಲಿಯವನು, ಕಾಯಂ ಮಾಡುವವರ ಪಟ್ಟಿಯಲ್ಲಿ ಆ ತಿಂಗಳೇ ನನ್ನ ಹೆಸರು ಬಂದಿತ್ತು. ಹೇಳದಿದ್ದರೆ ಅರವತ್ತು ಮನೆ ಹೋಗುತ್ತವೆ. ಮೊದಲ ಹತ್ತು ದಿನ ಸಾಹೇಬರನ್ನು ಊರಿನ ಉಳಿದ ಎಲ್ಲ ಗುಂಡಿಗಳ ಮೇಲೂ ನಡೆಸಿದೆ, ಸ್ಟೇಷನ್ ತಿರುವಿನ ಗುಂಡಿಯನ್ನು ಮಾತ್ರ ಇವತ್ತು ನಾಳೆ ಅಂತ ತಪ್ಪಿಸಿದೆ. ರವಿವಾರ ಬಸ್ಸು ಹತ್ತಿ ಚಿತ್ತಾಪುರಕ್ಕೆ ಹೋದೆ.

ಖಾಜಾಮಿಯಾ ಎಲ್ಲ ಕೇಳಿಸಿಕೊಂಡ. ಅವನ ಕಿವಿ ಈಗ ಮಂದವಾಗಿತ್ತು, ಎರಡು ಸಲ ಹೇಳಬೇಕಾಯಿತು.

"ಪ್ರೆಶರ್ ಇಲ್ಲ ಅಂತ ಹೇಳಿದ್ರ ಆಗಂಗಿಲ್ಲೇನ್ರಿ ಉಸ್ತಾದ?" ಅಂದೆ.

"ಸಾಹೇಬ್ರಿಗಿ ಹೇಳು, ಆಗ್ತದ. ಚಂದಮ್ಮಗ ಏನ ಹೇಳ್ತಿ?" ಅಂದ. ಊಟ ಮಾಡಿಸಿ ಕಳಿಸಿದ, ಬೇರೆ ಬುದ್ಧಿ ಹೇಳಲಿಲ್ಲ.

ಮರುದಿನ ಸಾಹೇಬರನ್ನು ಸ್ಟೇಷನ್ ತಿರುವಿಗೆ ಕರೆದುಕೊಂಡು ಹೋಗಿ ಗುಂಡಿಯ ಕಲ್ಲು ಎತ್ತಿದೆ. ಅವರು ಒಳಗಿಳಿದು ಹಳೆಯ ವಾಲ್ವಿನ ಮೈ ಒರೆಸಿದರು. ಎರಕದಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳಿದ್ದವು. ಆರು ವರ್ಷ ದಿನಾ ನೋಡಿದ್ದೆ, ಯಾರನ್ನೂ ಕೇಳಿರಲಿಲ್ಲ. ಸಾಹೇಬರು ಓದಿ ಖುಷಿಯಾದರು. ಅದು ಅಮೆರಿಕದ ಒಂದು ಊರಿನ ಹೆಸರಂತೆ. ಓದಿದ ಮನುಷ್ಯ, ನಿಂತಲ್ಲೇ ಪಾಠ ಸುರು ಮಾಡಿದರು. ಆ ಊರೂ ನದಿಯ ದಂಡೆಯ ಮೇಲೇ ಇದೆ. ಮೊದಲು ದೋಣಿ ನಿಲ್ಲುವ ಕಟ್ಟೆ ಮಾತ್ರ ಇತ್ತು. ಆಮೇಲೆ ನೆಲದಲ್ಲಿ ಕಲ್ಲಿದ್ದಲು ಸಿಕ್ಕಿತು, ರೈಲು ಬಂತು, ಕಬ್ಬಿಣ ಕರಗಿಸುವ ಭಟ್ಟಿಗಳು ಎದ್ದವು, ನೋಡುನೋಡುತ್ತಾ ಪಟ್ಟಣ ಆಯಿತು.

"ನಮ್ಮಂಗ" ಅಂದೆ.

"ಥೇಟ್ ನಮ್ಮಂಗ."

"ಅಲ್ಲಿ ಕಲ್ಲಿದ್ದಲ ಅಗದವ್ರು ಎಲ್ಲಿ ಇದ್ರು ರಿ ಸಾಹೇಬ್ರ?"

ಅವರು ಕೈಗೆ ಹತ್ತಿದ ತುಕ್ಕು ಒರೆಸಿಕೊಂಡರು. "ನಾ ಓದಿದ್ದರಾಗ ಭಟ್ಟಿ ಕಟ್ಟಿದ ಮಾಲಕರ ಹೆಸರ ಇದ್ವು. ಅದನ್ನ ಬರದಿದ್ದಿಲ್ಲ" ಅಂದರು.

ನನಗೆ ಅದ್ಯಾಕೋ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ, ಆ ಅಮೆರಿಕದ ಊರಿನ ಮೇಲೇ ಇರಬೇಕು. "ಸಾಹೇಬ್ರ, ಈ ವಾಲ್ವ್ ಸತ್ತಿಲ್ಲ. ನಾ ದಿನಾ ತಗೀತೀನಿ. ಇದರ ನೀರ ಖಣಿ ಓಣಿಗಿ ಹೋಗ್ತಾವ. ಕಾಲೊನಿ ನೀರ ಕದ್ದು ಬಿಡ್ಲಿಕತ್ತೀನಿ, ಆರು ವರ್ಷ ಆತು" ಅಂದುಬಿಟ್ಟೆ.

ನನ್ನ ಜೀವಮಾನದಲ್ಲಿ ಸಾಹೇಬರೊಬ್ಬರಿಗೆ ಸೋಸದೆ ಹೇಳಿದ ಮೊದಲ ಖರೇ ಮಾತು ಅದು. ದೇಶಪಾಂಡೆ ಸಾಹೇಬರು ನಂಬಲಿಲ್ಲ.

"ಹಣಮಂತ, ಆ ಜನದ ಮ್ಯಾಲ ನಿನಗ ಕರುಣಾ ಅದ, ನನಗೂ ಅದ. ಆದ್ರ ಇಲ್ಲದ ನಳ ನಕ್ಷೆದಾಗ ಬರಿಯಾಕ ಬರಂಗಿಲ್ಲ" ಅಂದರು.

"ಇದ್ದದ್ದೇ ರಿ. ಬರ್ರಿ, ತೋರಸ್ತೀನಿ."

ಖಣಿ ಓಣಿಗೆ ಹೋದೆವು. ಆರು ವರ್ಷದಲ್ಲಿ ಎಂಜಿನಿಯರ್ ಅಂತ ಒಬ್ಬರು ಅಲ್ಲಿಗೆ ಬಂದದ್ದು ಅದೇ ಮೊದಲು. ಓಣಿಯ ಹೆಂಗಸರು ಅವರ ಟೋಪಿ ನೋಡಿದರು, ಜೊತೆಗೆ ನಾನು ಬಾಡಿದ ಮುಖ ಹಾಕಿಕೊಂಡು ಬರುವುದನ್ನು ನೋಡಿದರು, ಕಳ್ಳ ಸಿಕ್ಕಿಬಿದ್ದ ಅಂತ ಲೆಕ್ಕ ಹಾಕಿದರು. ಹಾಕಿದ ಕೂಡಲೇ ಆರು ವರ್ಷದ ಅಭ್ಯಾಸ ತಾನಾಗಿ ಸುರುವಾಯಿತು. ನಾಲ್ವರು ಕೊಡ ಎತ್ತಿಕೊಂಡು ಹೊಂಡದ ಕಡೆ ನಡೆದರು. ಉಸ್ಸಪ್ಪಾ ಅನ್ನುವವಳು ಹೋಗುವಾಗಲೇ ಉಸ್ಸಪ್ಪಾ ಅಂದಳು. ನಳಕ್ಕೆ ಕೆಮ್ಮಣ್ಣು ಇತ್ತು, ಬಾಯಲ್ಲಿ ಚಿಂದಿ ಇತ್ತು, ಆಡು ಅದರ ಬುಡದಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು.

ಸಾಹೇಬರು ಚಂದಮ್ಮನನ್ನು ಕೇಳಿದರು. "ಅವ್ವಾ, ಈ ನಳಕ್ಕ ನೀರ ಬರ್ತಾವೇನು?"

"ಇದಕ್ಕೇನ್ರಿ? ನಾ ಬಂದಾಗಿಂದ ಒಂದ ಹನಿ ಕಂಡಿಲ್ಲ."

"ಚಂದಮ್ಮಕ್ಕ, ಖರೇ ಹೇಳು" ಅಂದೆ. "ಹೇಳಿದ್ರ ನಿಮ್ಮ ಮನಿ ಉಳೀತಾವ."

"ಖರೇನ ಹೇಳಾಕತ್ತೀನಿ. ಪಾಪ ಈ ಮನುಷ್ಯಾಗ ಏನೂ ಗೊತ್ತಿಲ್ರಿ ಸಾಹೇಬ್ರ. ಈ ಕಡಿ ಬಂದವನೂ ಅಲ್ಲ."

"ದಿನಾ ಬರ್ತಾವ ರಿ" ಅಂದೆ.

"ಬರಂಗಿಲ್ಲ."

"ನಾನೇ ಬಿಡ್ತೀನಿ."

"ಇಂವಗ ಬಿಸಲ ಬಡದದ ರಿ."

ನಾನು ಅವಳ ಮನೆ ಉಳಿಸಲು ನೋಡುತ್ತಿದ್ದೆ, ಅವಳು ನನ್ನ ನೌಕರಿ ಉಳಿಸಲು ನೋಡುತ್ತಿದ್ದಳು. ಸಾಹೇಬರು ಪೆನ್ಸಿಲ್ ಕಿವಿಗೆ ಸಿಗಿಸಿ ನಮ್ಮಿಬ್ಬರ ಮುಖ ನೋಡುತ್ತಾ ನಿಂತರು. ಇನ್ನು ಬಾಯಿಂದ ಆಗುವುದಿಲ್ಲ ಅಂತ, "ಅರ್ಧ ತಾಸು ಇಲ್ಲೇ ನಿಂದರ್ರಿ ಸಾಹೇಬ್ರ" ಅಂತ ಹೇಳಿ ಚಾವಿ ಹೆಗಲಿಗೇರಿಸಿ ಸ್ಟೇಷನ್ ತಿರುವಿಗೆ ಓಡಿದೆ. ಬಲಕ್ಕೆ, ನಿಲ್ಲುವ ತನಕ ತಿರುವಿದೆ. ತಿರುಗಿ ಓಡಿಬಂದೆ.

ಬಂದು ನೋಡಿದರೆ ಚಂದಮ್ಮ ನಳವನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದಳು. ಚಿಂದಿಯ ಮೇಲೆ ತನ್ನ ಸೆರಗೂ ತುರುಕಿದ್ದಳು. ನೀರು ಅವಳ ಬೆರಳ ಸಂದಿಯಿಂದ ನಾಲ್ಕು ದಿಕ್ಕಿಗೆ ಚಿಮ್ಮುತ್ತಿತ್ತು. ಆಡು ಹಗ್ಗ ಜಗ್ಗಿ ಅರಚುತ್ತಿತ್ತು. ಸಾಹೇಬರ ಪ್ಯಾಂಟು ಮೊಳಕಾಲ ತನಕ ತೊಯ್ದಿತ್ತು.

"ಹಳೇ ನಳ ರಿ, ಒಮ್ಮೊಮ್ಮೆ ಹಿಂಗ ಮಾಡ್ತದ. ಈಗ ಸುಮ್ಮ ಆಗ್ತದ" ಅನ್ನುತ್ತಿದ್ದಳು. ಮುಖದ ತುಂಬ ನೀರು, ಅಳುತ್ತಿದ್ದಾಳೋ ಏನೋ ಅದರಲ್ಲಿ ತಿಳಿಯಲಿಲ್ಲ.

ಸಾಹೇಬರು ಬಗ್ಗಿ ಮೆಲ್ಲಗೆ ಅವಳ ಕೈ ಬಿಡಿಸಿದರು. ಚಿಂದಿ ತೆಗೆದು, ಬೊಗಸೆ ಒಡ್ಡಿ ಕುಡಿದರು. ಮುಖ ತೊಳೆದುಕೊಂಡರು.

"ಇಂವಂದೇನೂ ತಪ್ಪಿಲ್ಲ ರಿ" ಅಂದಳು ಚಂದಮ್ಮ. "ನಾವೇ ಹೋಗಿ ಆ ಚಾವಿ ತಿರುವತೀವಿ. ಬರಕೊಳ್ರಿ, ಚಂದಮ್ಮ ಅಂತ."

"ಯಾವ ಕಡಿ ತಿರುವತೀರವ್ವ?"

"ಬಂದ್ ಮಾಡಾಕ ಬಲಕ್ಕ. ಎಲ್ಲಾ ಕಡಿ ಹಂಗ ಅಲ್ಲೇನ್ರಿ?"

ಸಾಹೇಬರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಅವರು ನಕ್ಷೆ ಬಿಚ್ಚಿದರು. ನೀಲಿ ಪೆನ್ಸಿಲಿನಿಂದ ಸ್ಟೇಷನ್ ತಿರುವಿನಿಂದ ಖಣಿ ಓಣಿಯ ತನಕ ಗೆರೆ ಎಳೆದರು. ತುದಿಯಲ್ಲಿ ಒಂದು ಸೊನ್ನೆ ಬರೆದು, ಅದರ ಪಕ್ಕ 'ಸಾರ್ವಜನಿಕ ನಳ, ಚಾಲೂ' ಅಂತ ಬರೆದರು. ಗೆರೆ ನೆಟ್ಟಗಿತ್ತು.

"ಗೆರಿ ಎಳದ ಮ್ಯಾಲ ನೀರ ಯಾರ ಬಿಟ್ರು ಅಂತ ಕೇಳ್ತಾರ. ಮೆಮೋ ಕೊಡಬೇಕಾಗ್ತದ ಹಣಮಂತ" ಅಂದರು.

"ಕೊಡ್ರಿ."

ಕೊಟ್ಟರು. ಕಾಯಂ ಪಟ್ಟಿಯಿಂದ ಹೆಸರು ಹೋಯಿತು, ಎರಡು ವರ್ಷ ತಡವಾಗಿ ಮತ್ತೆ ಬಂತು. ನನ್ನ ಹೆಂಡತಿ ಮಾತು ಬಿಟ್ಟಿದ್ದು ಎಂಟು ದಿನ. ನನ್ನ ಬಡ್ತಿಯ ಕತೆ ಇಷ್ಟೇ, ಉಳಿದದ್ದು ಬೇಕಾದರೆ ದಫ್ತರಿನಲ್ಲಿ ನೋಡಿಕೊಳ್ಳಿ.

ನಕ್ಷೆ ಮೇಲೆ ಹೋಯಿತು. ದಸರಾ ಬಂತು, ಹೋಯಿತು. ಖಣಿ ಓಣಿಯನ್ನು ಯಾರೂ ಎಬ್ಬಿಸಲಿಲ್ಲ. ದೀಪಾವಳಿಯ ಹೊತ್ತಿಗೆ ಗುತ್ತೇದಾರ ಹೊಂಡದ ಆಚೆ ಬದಿಯ ಕಲ್ಲಿಗೆ ಕೈ ಹಚ್ಚಿದ. ಅರವತ್ತು ಬಾಗಿಲಿಗೆ ಪುರಸಭೆಯ ನಂಬರು ಬರೆದರು.

ನಂಬರು ಬಂದ ಮೇಲೆ ನಿಯಮವೂ ಬಂತು. ಖಣಿ ಓಣಿ ಈಗ ಊರು, ಊರಿಗೆ ನೀರು ನಾಲ್ಕು ದಿನಕ್ಕೊಮ್ಮೆ. ಚಂದಮ್ಮ ಸ್ಟೇಷನ್ ತಿರುವಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಏನೋ ಹಣಮಂತಾ, ಕಳವಿನ ನೀರ ದಿನಾ ಬರ್ತಿದ್ವು. ಸರ್ಕಾರಿ ನೀರ ನಾಕ ದಿನಕ್ಕ ಬರ್ತಾವ. ಇದರಾಗ ಸುಧಾರಣಾ ಎಲ್ಲಿ ಅದ?"

"ಪ್ರೆಶರ್ ಇಲ್ಲಕ್ಕ" ಅಂದೆ. ಅವಳು ಬೈದದ್ದನ್ನು ಬರೆಯುವುದಿಲ್ಲ.

ಮೊದಲ ಸರ್ಕಾರಿ ಸರದಿಯ ದಿನ ನೀರು ಬಿಟ್ಟು, ಹೇಗೆ ಬರುತ್ತದೆ ನೋಡೋಣ ಅಂತ ಓಣಿಗೆ ಹೋದೆ. ನಳದ ಮುಂದೆ ಕೊಡಗಳ ಸಾಲು ಇರುತ್ತದೆ ಅಂದುಕೊಂಡಿದ್ದೆ. ಕೊಡ ಕಡಿಮೆ, ಸಿಮೆಂಟಿನ ಬುಟ್ಟಿಗಳೇ ಜಾಸ್ತಿ ಇದ್ದವು. ಚಂದಮ್ಮ ತನ್ನ ಮನೆಯ ಮುಂದೆ ಸಿಮೆಂಟು, ಉಸುಕು ಗುಡ್ಡೆ ಮಾಡಿ, ನಡುವೆ ಕುಳಿ ತೋಡಿ, ಹಿಡಿದ ನೀರನ್ನೆಲ್ಲ ಅದರಲ್ಲಿ ಸುರಿದು ಕಲೆಸುತ್ತಿದ್ದಳು. ಕಾಲು ಸ್ವಲ್ಪ ಕುಂಟುವ ಅವಳ ಸೊಸೆ ಆ ಗಾರೆಯನ್ನು ಗೋಡೆಯ ಸಂದಿಗಳಿಗೆ ಮೆತ್ತುತ್ತಿದ್ದಳು. ನನಗೆ ಸಿಟ್ಟೇ ಬಂತು.

"ನಾಕ ದಿನಕ್ಕೊಮ್ಮೆ ಬರೋ ಕುಡಿಯೋ ನೀರ ರಿ ಅಕ್ಕ. ಗ್ವಾಡಿಗಿ ಹಾಕ್ತೀರೇನು?"

ಅವಳು ತಲೆ ಎತ್ತದೆ ಹೇಳಿದಳು. "ಇಪ್ಪತ್ತ ವರ್ಷ ಬರೇ ಕಲ್ಲಿನ ಮ್ಯಾಲ ಕಲ್ಲ ಇಟ್ಟು ಇದ್ದೀವಿ ತಮ್ಮಾ. ಎಬ್ಬಿಸಿದ್ರ ಕಲ್ಲ ಬಿಚ್ಚಿ ಹೊತ್ಕೊಂಡ ಹೋಗಾಕ ಬರ್ಲಿ ಅಂತ. ಈಗ ಸಂದಿ ತುಂಬತೀನಿ. ನೀರ ನಾಳಿ ಹೊಂಡದಿಂದ ತಂದ ಕುಡೀತೀನಿ, ನಡೀತದ."

ಓಣಿಯ ಉದ್ದಕ್ಕೂ ನೋಡಿದೆ. ಎಲ್ಲ ಗೋಡೆಗಳೂ ಹಾಗೇ ಇದ್ದವು, ಗಾರೆ ಇಲ್ಲದೆ ಪೇರಿಸಿದ ಕಲ್ಲು. ಆರು ವರ್ಷ ದಿನಾ ನೀರು ಬಿಟ್ಟವನು ನಾನು, ಅದನ್ನು ಒಂದು ದಿನವೂ ಗಮನಿಸಿರಲಿಲ್ಲ. 

ಸರದಿಯ ಒಂದು ತಾಸು ಮುಗಿದಿತ್ತು. ಬಂದ್ ಮಾಡಲು ಹೊರಟವನನ್ನು ಚಂದಮ್ಮ ನೋಡಿದಳು, ಗಾರೆ ಮೆತ್ತಿದ ಕೈಯಿಂದ ಬೇಗ ಬೇಗ ಕಲೆಸತೊಡಗಿದಳು. ಅವಳ ಮನೆಯ ಎರಡು ಗೋಡೆ ಉಳಿದಿದ್ದವು. ನಾನು ಚಾವಿಯನ್ನು ನೆಲಕ್ಕೆ ಒರಗಿಸಿ, ಅಂಗಿ ಕಳಚಿಟ್ಟು, ಅವಳ ಸೊಸೆಯ ಕೈಯಿಂದ ಕರಣೆ ಇಸಿದುಕೊಂಡೆ. ಓಣಿಯ ಕಡೆಯ ಮನೆಯ ಕಡೆಯ ಸಂದಿ ತುಂಬುವ ತನಕ ನೀರು ಬಂದ್ ಮಾಡಲಿಲ್ಲ.